ಕಲ್ಲಂಗಡಿಯ ಬೀಜ ಎಲ್ಲಿರುತ್ತದೆ?

ಡಿಸೆಂಬರ್ 2

ಅಕ್ಕನಿಗೆ ಬುಗುರಿಯ ನಮಸ್ಕಾರ.

ನನ್ನ ಕೈಬರಹ ನೋಡಿದ ಕೂಡಲೇ ಯಾರೋ ಹೋಗಿಬಿಟ್ಟರು ಅಂದುಕೊಂಡಿರುತ್ತೀ. ಯಾರೂ ಹೋಗಿಲ್ಲ. ಎಲ್ಲರೂ ಗಟ್ಟಿಯಾಗಿದ್ದಾರೆ, ಅಗತ್ಯಕ್ಕಿಂತ ಹೆಚ್ಚು ಮಾತಾಡುತ್ತಿದ್ದಾರೆ. ಫೋನು ಮಾಡೋಣವೆಂದರೆ ನನ್ನ ಹೆಂಡತಿ, ಅದೇ ನಿನ್ನ ನಾದಿನಿ, ಸದಾ ನನ್ನ ಪಕ್ಕದಲ್ಲೇ ಇರುತ್ತಾಳೆ. ಅವಳಿಗೆ ಗೊತ್ತಾದರೆ ಇಡೀ ಬೀದಿಗೆ ಗೊತ್ತಾದ ಹಾಗೆ.

ವಿಷಯ ಇಷ್ಟೇ. ನಾನು ಹತ್ತನೇ ತರಗತಿ ಪರೀಕ್ಷೆ ಬರೆಯುತ್ತಿದ್ದೇನೆ. ನಕ್ಕುಬಿಡು. ನಕ್ಕು ಮುಗಿದ ಮೇಲೆ ಮುಂದೆ ಓದು.

ನಮ್ಮ ತರಬೇತಿ ಕೇಂದ್ರದಲ್ಲಿ ಮರ ಕಡೆಯುವ ಲೇತ್ ವಿಭಾಗದ ಬೋಧಕರು ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಹದಿನಾಲ್ಕು ವರ್ಷದಿಂದ ಅಲ್ಲಿ ಕಲಿಸುತ್ತಿರುವವನು ನಾನು. ಅವರು ಹಾಜರಿ ಕರೆದು ಕುರ್ಚಿಯ ಮೇಲೆ ಕೂರುತ್ತಾರೆ. ಆದರೂ ಕಾಗದದಲ್ಲಿ ಅವರು ಬೋಧಕರು, ನಾನು ಸಹಾಯಕ. ಪ್ರಾಂಶುಪಾಲರು ಕರೆದು, "ನೀವೇ ಆಗಬೇಕು ಅಂತ ನನಗೂ ಆಸೆ ಕಣ್ರೀ. ಆದ್ರೆ ಹತ್ತನೇದು ಪಾಸಾಗಿರ್ಬೇಕಲ್ಲ" ಅಂದರು. ಆಗದಿದ್ದರೆ ಆ ಜಾಗಕ್ಕೆ ಬರುವವನು ನಾನೇ ಉಳಿ ಹಿಡಿಯಲು ಕಲಿಸಿದ ಹುಡುಗ. ಒಳ್ಳೆಯವನು. ಅದೇ ತೊಂದರೆ, ಬೈಯಲೂ ಆಗುವುದಿಲ್ಲ.

ನಾನು ಬರೆಯಬೇಕಾದದ್ದು ಒಂದೇ ವಿಷಯ. ನಿನಗೆ ಗೊತ್ತೇ ಇದೆ. ವಿಜ್ಞಾನ: ಮೂವತ್ತನಾಲ್ಕು. ಮೂವತ್ತೈದಕ್ಕೆ ಪಾಸು. ಹಳಬರು ಉಳಿದ ವಿಷಯವನ್ನು ಬರೆದು ಮುಗಿಸಲು ಇದೇ ಕೊನೆಯ ವರ್ಷವಂತೆ. ಪರೀಕ್ಷೆ ಮಾರ್ಚ್ 16ಕ್ಕೆ.

ಉಳಿದ ಪಾಠಗಳನ್ನು ಹೇಗಾದರೂ ನುಂಗುತ್ತೇನೆ. ಪರಮಾಣು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟು ಸಣ್ಣ ವಸ್ತು ಇಷ್ಟು ದೊಡ್ಡ ಗಂಟಲಲ್ಲಿ ಹೇಗೆ ಸಿಕ್ಕಿಕೊಳ್ಳುತ್ತದೋ! ನೀನು ಇಪ್ಪತ್ತೇಳು ವರ್ಷದಿಂದ ಊರ ಮಕ್ಕಳಿಗೆಲ್ಲ ವಿಜ್ಞಾನ ಹೇಳಿದ ಟೀಚರಮ್ಮ. ಒಬ್ಬ ತಮ್ಮನಿಗೆ ಹೇಳಿಕೊಡು.

ನಿನ್ನ,
ಬುಗುರಿ


ಡಿಸೆಂಬರ್ 9

ಬುಗುರಿ,

ನಗಲಿಲ್ಲ. ಎರಡು ಸಲ ಓದಿದೆ. ಎರಡನೇ ಸಲ ಕೆಂಪು ಪೆನ್ನು ಹಿಡಿದು ಓದಿದೆ. ನಿನ್ನ ಪತ್ರವನ್ನು ತಿದ್ದಿ ಇದರ ಜೊತೆ ಕಳಿಸಿದ್ದೇನೆ. ಹದಿನೇಳು ತಪ್ಪು. ಮೂವತ್ತೊಂದು ವರ್ಷದಿಂದ ನೀನು ಬರೆದದ್ದು ಉದ್ದ, ಅಗಲ, ದಪ್ಪ ಮಾತ್ರ ಅಂತ ಕಾಣುತ್ತದೆ. ಆದ್ದರಿಂದ ಫೋನು ಬೇಡ. ಪರೀಕ್ಷೆ ಬರೆಯುವುದು ಕೈಯಿಂದ, ಬಾಯಿಂದ ಅಲ್ಲ. ಪಾಠವೆಲ್ಲ ಕಾಗದದಲ್ಲೇ ನಡೆಯಲಿ.

ಹೆದರಬೇಡ. ಪರಮಾಣು ಒಂದು ಪಾಠವಲ್ಲ, ಒಂದು ದೊಡ್ಡ ಜಗಳ. ಒಬ್ಬ ಹೀಗಿದೆ ಎಂದ, ಇನ್ನೊಬ್ಬ ಹಾಗಲ್ಲ ಎಂದ. ಐದು ಮಾದರಿ ನೆನಪಿಟ್ಟರೆ ಸಾಕು.

ಮೊದಲನೆಯವರು ಒಬ್ಬ ಶಾಲಾ ಮೇಷ್ಟ್ರು. ಇನ್ನೂರು ವರ್ಷಕ್ಕೂ ಹಿಂದೆ. ಎಲ್ಲ ವಸ್ತುವೂ ಒಡೆಯಲಾಗದ ಪುಟ್ಟ ಪುಟ್ಟ ಗಟ್ಟಿ ಗುಂಡುಗಳಿಂದ ಆಗಿದೆ, ಒಂದೊಂದು ಧಾತುವಿಗೆ ಒಂದೊಂದು ತೂಕದ ಗುಂಡು ಎಂದರು ಅವರು. ನಿನಗೆ ಇಷ್ಟವಾಗುವ ಸಂಗತಿಯೊಂದಿದೆ. ಪಾಠಕ್ಕೆ ತೋರಿಸಲು ಆ ಮೇಷ್ಟ್ರಿಗೆ ನಿಜವಾಗಿಯೂ ಮರದ ಗುಂಡುಗಳಿದ್ದವು; ಯಂತ್ರದ ಕೆಲಸ ಬಲ್ಲ ಗೆಳೆಯನೊಬ್ಬ ಮಾಡಿಕೊಟ್ಟಿದ್ದ.

ಹೆಸರುಗಳನ್ನೆಲ್ಲ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಗೋಡೆಗೆ ಅಂಟಿಸಿಕೋ. ಪರೀಕ್ಷೆಯಲ್ಲಿ "ಒಬ್ಬ ಮೇಷ್ಟ್ರು" ಅಂತ ಬರೆದರೆ ಅಂಕ ಬರುವುದಿಲ್ಲ.

ಅಕ್ಕ


ಡಿಸೆಂಬರ್ 20

ಅಕ್ಕ,

ಮರದ ಗುಂಡು! ಇದನ್ನು ಮೂವತ್ತೊಂದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ಈ ಹೊತ್ತಿಗೆ ವಿಜ್ಞಾನಿಯಾಗಿರುತ್ತಿದ್ದೆ. ಪುಸ್ತಕದಲ್ಲಿ ಮೇಷ್ಟ್ರ ಹೆಸರಿದೆ, ಗುಂಡು ಮಾಡಿಕೊಟ್ಟವನ ಹೆಸರಿಲ್ಲ. ಲೋಕದ ನ್ಯಾಯವೇ ಇಷ್ಟು: ಒಬ್ಬ ಬೋಧಕ, ಒಬ್ಬ ಸಹಾಯಕ.

ಓದಿದ್ದು ನನ್ನ ತಲೆಗೆ ಹೋಗುವುದಿಲ್ಲ, ಕೈಗೆ ಹೋಗುತ್ತದೆ. ಆದ್ದರಿಂದ ಐದೂ ಮಾದರಿಗಳನ್ನು ಮಾಡಿಯೇ ಕಲಿಯುವುದು ಎಂದು ತೀರ್ಮಾನಿಸಿದ್ದೇನೆ. ಊಟದ ಬಿಡುವಿನಲ್ಲಿ ಲೇತಿಗೆ ಒಂದು ತುಂಡು ಏರಿಸಿ ಮೊದಲ ಪರಮಾಣುವನ್ನು ಕಡೆದೆ. ಮುಷ್ಟಿಗಾತ್ರ, ನುಣುಪು, ಎಲ್ಲಿ ಅಳೆದರೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮನೆಗೆ ತಂದು ಕಿಟಕಿಯ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಇಲ್ಲ. ನಿನ್ನ ನಾದಿನಿ ಅದನ್ನು ಕಾಲುಚೀಲದೊಳಗೆ ತೂರಿಸಿ ತೂತು ಹೊಲಿಯುತ್ತಿದ್ದಳು.

"ಏನ್ರೀ ಇದು, ಇಷ್ಟು ದಿನ ಮಾಡ್ಕೊಡಿ ಅಂದ್ರೆ ಆಗಿರ್ಲಿಲ್ಲ. ಈಗ ಹೇಳದೇನೇ ಮಾಡಿದ್ದೀರಾ?"

"ಅದು ಪರಮಾಣು ಕಣೇ."

"ಏನಾದ್ರೂ ಇರ್ಲಿ, ಚೆನ್ನಾಗಿದೆ."

ಗುಟ್ಟು ಬಯಲಾಯಿತು. ಬೀದಿಗಿನ್ನೂ ತಲುಪಿಲ್ಲ, ಎರಡು ದಿನ ಬೇಕು. ಅವಳು ನಗಲಿಲ್ಲ ಅಕ್ಕ. ಚೀಟಿಯನ್ನು ತಾನೇ ಅಡುಗೆಮನೆ ಗೋಡೆಗೆ ಅಂಟಿಸಿ, ತಟ್ಟೆಗೆ ಬಡಿಸುವ ಮೊದಲು ಹೆಸರು ಕೇಳುತ್ತಾಳೆ. ತಪ್ಪಿದರೆ ಸೌಟು ಅಲ್ಲೇ ನಿಲ್ಲುತ್ತದೆ.

ಎರಡನೇ ಮಾದರಿ ಕಳಿಸು. ಮರ ಒಣಗಿಸಿ ಇಟ್ಟಿದ್ದೇನೆ.

ಬುಗುರಿ


ಡಿಸೆಂಬರ್ 28

ಬುಗುರಿ,

ಹನ್ನೊಂದು ತಪ್ಪು. ಸುಧಾರಣೆ ಇದೆ. "ವಿಜ್ಞಾನಿ"ಗೆ ಮೊದಲ ಅಕ್ಷರಕ್ಕೆ ಕೊಂಬಿಲ್ಲ, ಗುಡಿಸು. ಆಗಲು ಹೊರಟವನಿಗೆ ಬರೆಯಲಾದರೂ ಬರಬೇಕು.

ಎರಡನೆಯದು ಒಬ್ಬ ಪ್ರೊಫೆಸರರದ್ದು. ಒಡೆಯಲಾಗದು ಎಂದುಕೊಂಡಿದ್ದ ಗುಂಡಿನೊಳಗಿಂದ ಅವರು ಇನ್ನೂ ಚಿಕ್ಕ ಕಣವೊಂದನ್ನು ಹೊರತೆಗೆದರು. ಎಲೆಕ್ಟ್ರಾನ್. ಅದಕ್ಕೆ ಋಣ ವಿದ್ಯುತ್ತು. ಹಾಗಾದರೆ ಉಳಿದದ್ದು ಧನ ಇರಲೇಬೇಕು, ಇಲ್ಲದಿದ್ದರೆ ಸಮವಾಗುವುದಿಲ್ಲ. ಧನ ವಿದ್ಯುತ್ತಿನ ಒಂದು ಮುದ್ದೆ, ಅದರ ತುಂಬ ಅಲ್ಲಲ್ಲಿ ಹುದುಗಿದ ಎಲೆಕ್ಟ್ರಾನುಗಳು. ಅವರ ಊರಿನವರು ಅದನ್ನು ತಮ್ಮ ಯಾವುದೋ ಸಿಹಿ ತಿಂಡಿಗೆ ಹೋಲಿಸಿದರು. ನಮ್ಮ ಪುಸ್ತಕದವರು ಒಂದು ಹಣ್ಣಿಗೆ ಹೋಲಿಸುತ್ತಾರೆ. ಹಣ್ಣಿನ ಒಳಗೆ ಎಲ್ಲ ಕಡೆ, ಮತ್ತೆ ಹೇಳುತ್ತೇನೆ, ಎಲ್ಲ ಕಡೆ, ಕಪ್ಪು ಚುಕ್ಕಿಗಳು ಇರುವ ಹಾಗೆ ಎಲೆಕ್ಟ್ರಾನುಗಳಿರುತ್ತವೆ. ಚುಕ್ಕಿಗಳು ನಡುವೆ ಇರುವುದಿಲ್ಲ. ಅಂದರೆ ನಡುವೆಯೂ ಇರುತ್ತವೆ, ನಡುವೆ ಮಾತ್ರ ಇರುವುದಿಲ್ಲ. ದಯವಿಟ್ಟು ಗಮನವಿಟ್ಟು ಓದು.

ಈ ಪ್ರೊಫೆಸರರ ಕೈ ಎಷ್ಟು ಒರಟು ಎಂದರೆ ಉಪಕರಣ ಮುಟ್ಟಲು ಸಹಾಯಕರು ಬಿಡುತ್ತಿರಲಿಲ್ಲವಂತೆ. ಗಾಜು ಊದಿ ಕೊಳವೆ ಮಾಡಿದವನು ಸಹಾಯಕ. ಸಂತೋಷವಾಯಿತೇ?

ಮೂರನೆಯವರು ಇದೇ ಪ್ರೊಫೆಸರರ ಶಿಷ್ಯರು. ತೆಳ್ಳನೆ ಚಿನ್ನದ ಹಾಳೆಗೆ ಧನ ವಿದ್ಯುತ್ತಿನ ಕಣಗಳನ್ನು ಹೊಡೆಸಿ ನೋಡಿದರು. ಹೆಚ್ಚಿನವು ಹಾಳೆಯೇ ಇಲ್ಲವೆಂಬಂತೆ ತೂರಿ ಹೋದವು. ಸಾವಿರಾರರಲ್ಲಿ ಒಂದು ಮಾತ್ರ ಡಿಕ್ಕಿ ಹೊಡೆದು ವಾಪಸು ಬಂತು. ಅಂದರೆ ಪರಮಾಣು ಬಹುಪಾಲು ಖಾಲಿ. ತೂಕವೆಲ್ಲ ನಡುವಿನ ಒಂದು ಬಹಳ ಚಿಕ್ಕ ವಸ್ತುವಿನಲ್ಲಿದೆ. ಆ ನಡುವಿನ ವಸ್ತುವಿಗೆ ನ್ಯೂಕ್ಲಿಯಸ್ ಎನ್ನುತ್ತಾರೆ. ಅಷ್ಟೇ. ಬೇರೆ ಹೆಸರು ಬೇಡ.

ಅಕ್ಕ


ಜನವರಿ 8

ಅಕ್ಕ,

ಎರಡನೆಯದು, ಮೂರನೆಯದು ತಯಾರು. ಮೂರನೆಯದರಲ್ಲಿ ಒಂದು ತಕರಾರು. ಪುಸ್ತಕದ ಅಳತೆ ಹಿಡಿದರೆ, ನಡುವಿನ ವಸ್ತು ಸಾಸಿವೆ ಕಾಳಾದಾಗ ಪರಮಾಣು ನಮ್ಮ ತರಬೇತಿ ಕೇಂದ್ರ, ಅದರ ಹಿಂದಿನ ಮೈದಾನ, ಬಸ್ ನಿಲ್ದಾಣ ಎಲ್ಲ ಸೇರಿದಷ್ಟು ಆಗಬೇಕು. ಸಾಸಿವೆ ಕಾಳು ಸಿಕ್ಕಿದೆ. ಬಸ್ ನಿಲ್ದಾಣ ಕೊಡುತ್ತಿಲ್ಲ.

ಇನ್ನೊಂದು ಮಾತು. ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. "ಒಂದು ಹಣ್ಣು", "ಕಪ್ಪು ಚುಕ್ಕಿ", "ನಡುವಿನ ವಸ್ತು"... ಬಿಸಿ ಹಾಲಿನ ಸುತ್ತ ಬೆಕ್ಕು ಸುತ್ತಿದ ಹಾಗೆ ಯಾಕೆ ಸುತ್ತುತ್ತೀ? ನನ್ನ ಹತ್ತಿರವಿರುವ ಪುಸ್ತಕದಲ್ಲಿ ನೇರವಾಗಿ ಬರೆದಿದೆ: ಕಲ್ಲಂಗಡಿ ಹಣ್ಣಿನ ಬೀಜ. ಮುಂದಿನ ಪುಟದಲ್ಲಿ ನ್ಯೂಕ್ಲಿಯಸ್ಸಿಗೆ ಪರಮಾಣು ಬೀಜ. ಒಂದು ಪುಟದಲ್ಲಿ ಬೀಜ ಎಂದರೆ ಎಲೆಕ್ಟ್ರಾನು, ಎಲ್ಲ ಕಡೆ. ಇನ್ನೊಂದು ಪುಟದಲ್ಲಿ ಬೀಜ ಎಂದರೆ ನ್ಯೂಕ್ಲಿಯಸ್ಸು, ನಟ್ಟನಡುವೆ. ನಾನು ನಿನ್ನ ನಾದಿನಿಗೆ ಹೇಳಿಕೊಟ್ಟದ್ದು ಹೀಗೆ: "ಮೊದ್ಲು ಪರಮಾಣು ಕಲ್ಲಂಗಡಿ ಥರ ಇತ್ತು, ಆಮೇಲೆ ಮಾವಿನ ಹಣ್ಣಿನ ಥರ ಆಯ್ತು, ಆದ್ರೆ ತಿನ್ನೋ ಭಾಗ ಪೂರ್ತಿ ಖಾಲಿ." ಅವಳು, "ಹಂಗಾದ್ರೆ ಅಂಗಡಿಯವ್ನು ನಮಗೆ ಕೊಡೋ ಮಾವಿನ ಹಣ್ಣೇ ಬಿಡಿ" ಅಂದಳು.

ಇದನ್ನು ಬರೆಯುವಾಗ ಹಳೆಯದೊಂದು ನೆನಪಾಯಿತು. ಆಗಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ನಾನು ಕಲ್ಲಂಗಡಿ ಬರೆದು, ಬೀಜವೆಲ್ಲ ನಡುವೆ ಗುಡ್ಡೆ ಹಾಕಿದ್ದೆ. ಎರಡು ಅಂಕದ ಪ್ರಶ್ನೆ, ಸೊನ್ನೆ. ಬರೆದದ್ದನ್ನು ನಾನೇ ಹೋಗಿ ನಮ್ಮ ಮೇಷ್ಟ್ರಿಗೆ ಹೇಳಿದ್ದೆ; ಆಮೇಲೆ ಅವರು ಅದನ್ನು ಮುಂದಿನ ವರ್ಷದ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು, "ಇಂಥ ಕಲ್ಲಂಗಡಿ ಎಲ್ಲಿ ಸಿಗತ್ತಪ್ಪಾ?" ಅಂತ ಕೇಳಿ ನಗಿಸಿದರಂತೆ. ಕಲ್ಲಂಗಡಿ ತಿಂದು ಬೆಳೆದ ನನಗೆ ಅದೆಲ್ಲಿಂದ ಹೊಳೆಯಿತೋ ಕಾಣೆ. ನಿನಗೇನಾದರೂ ನೆನಪಿದೆಯೇ?

ಬುಗುರಿ


ಜನವರಿ 15

ಬುಗುರಿ,

ಹಳೆಯದನ್ನು ಕೆದಕುತ್ತ ಕೂರಬೇಡ. ಪರೀಕ್ಷೆಗೆ ಎರಡೇ ತಿಂಗಳು.

ನಾಲ್ಕನೇ ಮಾದರಿ: ಸುತ್ತುವ ಎಲೆಕ್ಟ್ರಾನು ಶಕ್ತಿ ಕಳೆದುಕೊಳ್ಳುತ್ತ ಒಳಗೆ ಬಿದ್ದುಹೋಗಬೇಕಿತ್ತು. ಬೀಳುವುದಿಲ್ಲ. ಯಾಕೆಂದರೆ ಅದಕ್ಕೆ ಗೊತ್ತುಮಾಡಿದ ಮೆಟ್ಟಿಲುಗಳಿವೆ. ಈ ಮೆಟ್ಟಿಲಲ್ಲಿ ಇರಬಹುದು, ಆ ಮೆಟ್ಟಿಲಲ್ಲಿ ಇರಬಹುದು; ನಡುವೆ ನಿಲ್ಲುವಂತಿಲ್ಲ. ಐದನೆಯದು ಆಮೇಲೆ.

ಈ ಸಲ ತಪ್ಪು ಎಣಿಸಲಿಲ್ಲ. ತಲೆನೋವು.

ಅಕ್ಕ


ಜನವರಿ 27

ಅಕ್ಕ,

ಮೆಟ್ಟಿಲು ಅರ್ಥವಾಯಿತು. ಅರ್ಥವಾಗದೆ ಏನು? ಹದಿನಾಲ್ಕು ವರ್ಷದಿಂದ ಸಹಾಯಕನಿಗೂ ಬೋಧಕನಿಗೂ ನಡುವೆ ನಿಂತವನು ನಾನು. ಅಲ್ಲಿ ನಿಲ್ಲುವಂತಿಲ್ಲ ಎಂದು ಎಲೆಕ್ಟ್ರಾನಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ.

ತಲೆನೋವು ಹೇಗಿದೆ? ನನ್ನ ಪ್ರಶ್ನೆಗಳಿಂದಲೇ ಬಂದಿದ್ದರೆ ಕ್ಷಮಿಸು. ಐದನೆಯದನ್ನು ಕಳಿಸು.

ಬುಗುರಿ


ಫೆಬ್ರವರಿ 10

ಅಕ್ಕ,

ಎರಡು ವಾರವಾಯಿತು. ಕಾಗದ ಇಲ್ಲ. ಫೋನು ಮಾಡಿದರೆ "ಕ್ಲಾಸಿದೆ" ಅಂತೀ. ಭಾನುವಾರ ಯಾವ ಕ್ಲಾಸು?

ಗೊತ್ತಾಯಿತು ಬಿಡು. ನಲವತ್ತೇಳು ವರ್ಷದ ತಮ್ಮ ಹತ್ತನೇ ಕ್ಲಾಸು ಬರೆಯುತ್ತಾನೆ ಅಂತ ನಿನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳಲು ನಿನಗೆ ನಾಚಿಕೆ. ಕಲ್ಲಂಗಡಿಯ ಬೀಜ ಎಲ್ಲಿರುತ್ತದೆ ಅಂತ ಗೊತ್ತಿಲ್ಲದ ದಡ್ಡನಿಗೆ ಪಾಠ ಹೇಳಿ ಬೇಸರವೂ ಬಂದಿರಬೇಕು. ನಾನು ಅಂದೂ ದಡ್ಡ, ಇಂದೂ ಅಷ್ಟೇ. ಆದರೆ ಅಂದು ಸೊನ್ನೆ ಬಂತೆಂದು ಉಳಿ ಹಿಡಿದು ಕೂತೆ, ಇಂದು ಕೂರುವುದಿಲ್ಲ. ನೀನು ಬರೆದರೂ ಬರೆಯುತ್ತೇನೆ, ಬರೆಯದಿದ್ದರೂ ಬರೆಯುತ್ತೇನೆ.

ಐದನೆಯದನ್ನು ನಾನೇ ಪುಸ್ತಕದಲ್ಲಿ ಓದಿದೆ. ಮೋಡ. ಎಲೆಕ್ಟ್ರಾನು ಇಂಥಲ್ಲೇ ಇದೆ ಅನ್ನುವ ಹಾಗಿಲ್ಲ, ಎಲ್ಲೆಲ್ಲಿ ಸಿಗಬಹುದು ಅಂತ ಮಾತ್ರ ಹೇಳಬಹುದು. ಮೋಡವನ್ನು ಲೇತಿಗೆ ಹೇಗೆ ಏರಿಸುವುದು? ಮೂರು ದಿನ ತಲೆ ಕೆರೆದುಕೊಂಡೆ. ಕೊನೆಗೆ ಒಂದು ತೆಳ್ಳನೆ ಕಡ್ಡಿಗೆ ಬಿಳಿ ಮಣಿ ಸಿಕ್ಕಿಸಿ ಲೇತಿನಲ್ಲಿ ಜೋರಾಗಿ ತಿರುಗಿಸಿದೆ. ಮಣಿ ಮಾಯ. ಅದಿದ್ದ ಕಡೆಯೆಲ್ಲ ಬಿಳಿ ಮಬ್ಬು. ತರಬೇತಿಯ ಹುಡುಗರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಇನ್ನೊಮ್ಮೆ ತಿರುಗಿಸಿ ಅಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ನೀನೂ ನೋಡಬೇಕಿತ್ತು. ಇರಲಿ.

ಬುಗುರಿ


ಫೆಬ್ರವರಿ 17

ಬುಗುರಿ,

ನಾಚಿಕೆ ಅಂದೆಯಲ್ಲ, ಸರಿಯಾಗಿಯೇ ಅಂದೆ. ಯಾರ ಬಗ್ಗೆ ಅನ್ನುವುದು ಮಾತ್ರ ತಪ್ಪು.

ಜನವರಿಯಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಇದುವರೆಗೆ ಐದು ಸಲ ಬರೆದು ಹರಿದಿದ್ದೇನೆ.

ಆ ಗುಡ್ಡೆ ಹಾಕಿದ ಬೀಜ ನಿನಗೆ ಹೊಳೆದದ್ದಲ್ಲ. ನಾನು ಕೊಟ್ಟದ್ದು. ಪರೀಕ್ಷೆಯ ಹಿಂದಿನ ಸಂಜೆ ನಿನಗೊಂದು ಚೀಟಿ ಬರೆದುಕೊಟ್ಟೆ. ನಾನು ಆಗ ಕಾಲೇಜಿನ ಎರಡನೇ ವರ್ಷ. ಆ ವಾರವಷ್ಟೇ ನಮಗೆ ಪರಮಾಣು ಬೀಜದ ಪಾಠವಾಗಿತ್ತು, ಕಾಲು ನೆಲದ ಮೇಲಿರಲಿಲ್ಲ. ಎರಡು ಮಾದರಿಯನ್ನು ಒಂದೇ ಸಾಲಿಗೆ ತುರುಕಿಬಿಟ್ಟೆ. "ಪರಮಾಣು ಕಲ್ಲಂಗಡಿ ಹಣ್ಣಿನಂತೆ. ಬೀಜ ನಡುವೆ ಇರುತ್ತದೆ."

ಅಷ್ಟೇ ಆಗಿದ್ದರೆ ತಪ್ಪು ಅನ್ನಬಹುದಿತ್ತು. ನೀನು ಚೀಟಿ ಓದಿ, "ಅಕ್ಕಾ, ಕಲ್ಲಂಗಡೀಲಿ ಬೀಜ ಎಲ್ಲಾ ಕಡೆ ಇರತ್ತಲ್ಲಾ?" ಅಂತ ಕೇಳಿದೆ. ನಿನಗೆ ಮರೆತಿದೆ, ಆದರೆ ನೀನು ಕೇಳಿದ್ದೆ, ಬುಗುರಿ. ನಾನು, "ಕಾಲೇಜಿಗೆ ಹೋಗ್ತಿರೋದು ನಾನೋ ನೀನೋ? ಬರೆದಿದ್ದನ್ನ ಬಾಯಿಪಾಠ ಮಾಡು" ಅಂದೆ.

ಅಂಕಪಟ್ಟಿ ಬಂದ ದಿನ ನೀನು ಏನು ಬರೆದೆ ಅಂತ ಹೇಳಿದಾಗಲೇ ನನಗೆ ತಿಳಿಯಿತು, ತಪ್ಪು ಯಾರದ್ದೆಂದು. ಒಂದು ಅಂಕ. ಅಪ್ಪ ಮೂರು ದಿನ ನಿನ್ನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಾಯಿ ಬಿಟ್ಟಿದ್ದರೆ ಅಪ್ಪ ನಿನ್ನನ್ನು ಮತ್ತೆ ಪರೀಕ್ಷೆಗೆ ಕೂರಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವತ್ತು ಹೇಳಲಿಲ್ಲ, ಮರುವರ್ಷ ಹೇಳಲಿಲ್ಲ, ಟೀಚರಾದ ಮೇಲಂತೂ ಹೇಗೆ ಹೇಳುವುದು? ತಪ್ಪು ಹಳೆಯದಾದಷ್ಟೂ ಗಟ್ಟಿಯಾಗುತ್ತದೆ, ನಿನ್ನ ಮರದ ಹಾಗೆ. ಇಪ್ಪತ್ತೇಳು ವರ್ಷದಿಂದ ಆ ಪಾಠ ಮಾಡುವಾಗ ಬೀಜ ಅನ್ನುವ ಪದ ನನ್ನ ಬಾಯಿಂದ ಬಂದಿಲ್ಲ.

ನೀನು ದಡ್ಡನಲ್ಲ. ದಡ್ಡತನ ನನ್ನದು. ತಪ್ಪು ನನ್ನದು. ಆಮೇಲಿನ ಮೌನ ತಪ್ಪಿಗಿಂತ ದೊಡ್ಡ ತಪ್ಪು.

ಅಕ್ಕ


ಫೆಬ್ರವರಿ 23

ಅಕ್ಕನವರಿಗೆ,

ತಮ್ಮ ಪತ್ರ ತಲುಪಿತು. ಪರೀಕ್ಷೆ ಮಾರ್ಚ್ 16ಕ್ಕೆ ಇರುವುದರಿಂದ ಸದ್ಯ ಬೇರೆ ವಿಷಯಕ್ಕೆ ಸಮಯವಿಲ್ಲ. ತಾವು ಆರೋಗ್ಯ ನೋಡಿಕೊಳ್ಳಬೇಕು.

ಇಂತಿ,
ಟರ್ನರ್, ಲೇತ್ ವಿಭಾಗ


ಮಾರ್ಚ್ 2

ಬುಗುರಿ,

ಹುಟ್ಟಿದಾಗಿನಿಂದ ನೀನು ನನ್ನನ್ನು "ನೀನು" ಅಂದವನು. ಆರು ವರ್ಷದವನಿದ್ದಾಗ "ನಿಂಗೇನು ಗೊತ್ತು" ಅಂದಿದ್ದೆ, ನಾನು ಕಿವಿ ಹಿಂಡಿದ್ದೆ. ಈ "ತಾವು" ಅದಕ್ಕಿಂತ ನೋಯಿತು. ನೋಯಲಿ. ಪಾಠ ನಿಲ್ಲಿಸುವುದಿಲ್ಲ. ನೀನು ಓದದಿದ್ದರೂ ಬರೆಯುತ್ತೇನೆ. ಹಟ ನಿನ್ನೊಬ್ಬನ ಸ್ವತ್ತಲ್ಲ.

ನಿನ್ನ ಮೋಡ ತಪ್ಪು. ಎಲೆಕ್ಟ್ರಾನು ಜೋರಾಗಿ ತಿರುಗುವುದರಿಂದ ಮಬ್ಬಾಗಿ ಕಾಣುವುದಲ್ಲ. ಅದಕ್ಕೆ ಮಣಿಯ ಹಾಗೆ ಒಂದು ಖಚಿತವಾದ ದಾರಿಯೇ ಇಲ್ಲ. ಪರೀಕ್ಷೆಯಲ್ಲಿ "ತಿರುಗುತ್ತದೆ" ಎಂದು ಬರೆಯಬೇಡ, "ಇರುವ ಸಾಧ್ಯತೆ" ಎಂದು ಬರೆ. ಆದರೆ ಅದು ಒಳ್ಳೆಯ ತಪ್ಪು. ನನ್ನ ತರಗತಿಯಲ್ಲಿ ಇಂಥ ತಪ್ಪು ಮಾಡುವ ಒಂದು ಮಗು ಸಿಕ್ಕಿದ್ದರೆ ನನ್ನ ವರ್ಷ ಸಾರ್ಥಕವಾಗುತ್ತಿತ್ತು.

ಇನ್ನೊಂದನ್ನು ಪಾಠದಲ್ಲಿ ಬಿಟ್ಟಿದ್ದೆ. ಚಿನ್ನದ ಹಾಳೆಯವರು ಕಲ್ಲಂಗಡಿ ಪ್ರೊಫೆಸರರ ಶಿಷ್ಯರು ಎಂದಿದ್ದೆನಲ್ಲ? ಮೆಟ್ಟಿಲಿನವನೂ ಮೊದಲು ಅದೇ ಪ್ರೊಫೆಸರರ ಹತ್ತಿರ ಹೋಗಿ, ಆಮೇಲೆ ಚಿನ್ನದ ಹಾಳೆಯವರ ಹತ್ತಿರ ಕಲಿತವನು. ಪ್ರೊಫೆಸರರ ಮಗನೂ ವಿಜ್ಞಾನಿ. ಎಲೆಕ್ಟ್ರಾನು ಕಣ ಎಂದು ಅಪ್ಪ ತೋರಿಸಿದ್ದರೆ, ಅದು ಅಲೆಯ ಹಾಗೂ ನಡೆದುಕೊಳ್ಳುತ್ತದೆ ಎಂದು ಮಗ ತೋರಿಸಿದ. ಇಬ್ಬರಿಗೂ ಅದೇ ದೊಡ್ಡ ಬಹುಮಾನ ಬಂತು. ಗುರುವಿಗೆ ತಿರುಮಂತ್ರ ಹಾಕದ ಶಿಷ್ಯ ಈ ಪಾಠದಲ್ಲಿ ಒಬ್ಬನೂ ಇಲ್ಲ. "ಬರೆದಿದ್ದನ್ನ ಬಾಯಿಪಾಠ ಮಾಡು" ಅಂದ ಗುರುವೂ ಇಲ್ಲ. ಇಬ್ಬರಲ್ಲಿ ಯಾರಾದರೂ ಹಾಗಿದ್ದಿದ್ದರೆ ಪರಮಾಣು ಇವತ್ತಿಗೂ ಮರದ ಗುಂಡೇ.

ಎರಡು ಪೆನ್ನು ತೆಗೆದುಕೊಂಡು ಹೋಗು. ಚಿತ್ರಕ್ಕೆ ಪೆನ್ಸಿಲ್. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದು. ಯಾರ ಚೀಟಿಯನ್ನೂ ನಂಬಬೇಡ, ನನ್ನದನ್ನೂ.

ಅಕ್ಕ


ಮಾರ್ಚ್ 19

ಅಕ್ಕ,

ಬರೆದು ಬಂದೆ.

ಕೋಣೆಯಲ್ಲಿ ಇಪ್ಪತ್ತೆಂಟು ಜನ. ಮೇಲ್ವಿಚಾರಕಿ ನನ್ನನ್ನು ನೋಡಿ, "ಪೋಷಕರು ಹೊರಗಿರ್ಬೇಕು ಸಾರ್" ಅಂದರು. ಪ್ರವೇಶಪತ್ರ ತೋರಿಸಿದೆ. ಅವರು ಅದನ್ನೂ ನನ್ನನ್ನೂ ಮೂರು ಸಲ ನೋಡಿ, ಗಾಳಿ ಬರುವ ಕಿಟಕಿಯ ಪಕ್ಕದ ಬೆಂಚು ತೋರಿಸಿದರು. ಮೊಣಕಾಲು ಬೆಂಚಿನ ಕೆಳಗೆ ಹಿಡಿಸಲಿಲ್ಲ. ಒಂದು ಕಾಲನ್ನು ದಾರಿಗೆ ಚಾಚಿಕೊಂಡೇ ಮೂರು ಗಂಟೆ ಬರೆದೆ.

ಇಪ್ಪತ್ತೆರಡನೇ ಪ್ರಶ್ನೆ: ಪರಮಾಣುವಿನ ಮಾದರಿಗಳು ಕಾಲಕ್ರಮದಲ್ಲಿ ಹೇಗೆ ಬದಲಾದವು? ಚಿತ್ರ ಸಹಿತ ವಿವರಿಸಿ. ಆರು ಅಂಕ.

ನಿನ್ನ ಮೇಲೆ ಸಿಟ್ಟಿತ್ತು ಅಕ್ಕ. ಇದೆ. ಒಂದು ಅಂಕಕ್ಕೆ ಮೂವತ್ತೊಂದು ವರ್ಷ ದಡ್ಡ ಅಂತ ಬದುಕಿದೆ. ಆ ತಪ್ಪಿನಿಂದಲೇ ನಿಮಗೆ ಲೇತು ಸಿಕ್ಕಿತಲ್ಲ ಅಂತ ನಿನ್ನ ನಾದಿನಿ ಸಮಾಧಾನ ಹೇಳಲು ಬಂದಳು. ಲೇತು ನನಗೆ ಪ್ರಾಣ, ಅದು ಬೇರೆ ಮಾತು. ಅದಕ್ಕಾಗಿ ನಿನಗೆ ಉಪಕಾರ ಸ್ಮರಣೆ ಮಾಡುವುದಿಲ್ಲ.

ಆದರೆ ಆ ಬೆಂಚಿನ ಮೇಲೆ ಒಂದು ಘಟನೆ ನಡೆಯಿತು. ಮೊದಲ ಚಿತ್ರ, ಗುಂಡು. ಎರಡನೆಯದು, ಕಲ್ಲಂಗಡಿ, ಬೀಜ ಎಲ್ಲ ಕಡೆ. ಮೂರನೆಯದಕ್ಕೆ ಹೋಗುವ ಮೊದಲು ಕೈ ನಿಂತುಬಿಟ್ಟಿತು. ಎಲ್ಲ ಕಡೆ ಇದ್ದ ಬೀಜ ನಡುವೆ ಒಂದೇ ಆಗಬೇಕು. ಹಾಗಾದರೆ ಇವೆರಡರ ನಡುವೆ, ಎಲ್ಲವೂ ನಡುವಿಗೆ ಬಂದು ಗುಡ್ಡೆಯಾದ ಒಂದು ಕಲ್ಲಂಗಡಿ ಇರಬೇಕಲ್ಲ? ಇತ್ತು. ನಿನ್ನದು. ನೀನು ಎರಡು ಮೆಟ್ಟಿಲ ನಡುವೆ ನಿಂತಿದ್ದೆ, ಅಲ್ಲಿ ನಿಲ್ಲುವಂತಿಲ್ಲ ಅಂತ ನಿನಗೂ ಗೊತ್ತಿರಲಿಲ್ಲ. ನನಗೆ ಆ ಕೋಣೆಯಲ್ಲೇ ನಗು ಬಂತು. ಮೇಲ್ವಿಚಾರಕಿ ಬಂದು ನನ್ನ ಅಂಗಿಯ ತೋಳು ಮಡಚಿಸಿ ಚೀಟಿ ಇದೆಯಾ ಅಂತ ನೋಡಿದರು. "ಇಲ್ಲಮ್ಮ, ಹಳೇ ಚೀಟಿ ನೆನಪಾಯ್ತು" ಅಂದೆ.

ಐದನ್ನೂ ಬರೆದೆ. ಗುಡ್ಡೆ ಹಾಕಲಿಲ್ಲ.

ಇದರ ಜೊತೆ ಎರಡು ವಸ್ತು ಕಳಿಸಿದ್ದೇನೆ. ಒಂದು, ನಿನ್ನ ಫೆಬ್ರವರಿ 17ರ ಪತ್ರ, ತಿದ್ದಿ. ಕೆಂಪು ಪೆನ್ನನ್ನು ನಾನೂ ಕೊಂಡಿದ್ದೇನೆ. ಕಾಗುಣಿತ ದೋಷವಿಲ್ಲ. "ತಪ್ಪು" ಎಂಬ ಪದ ಏಳು ಸಲ ಬಂದಿದೆ, ಪುನರುಕ್ತಿ. ಮುಖ್ಯವಾದ ಒಂದು ಸಾಲನ್ನು ಬರೆದೇ ಇಲ್ಲ. ಅಂಕ: ನೂರಕ್ಕೆ ಮೂವತ್ತನಾಲ್ಕು. ಮತ್ತೊಮ್ಮೆ ಬರೆಯತಕ್ಕದ್ದು.

ಇನ್ನೊಂದು, ಪೆಟ್ಟಿಗೆಯಲ್ಲಿದೆ. ಮರದ ಕಲ್ಲಂಗಡಿ, ಅರ್ಧಕ್ಕೆ ಕೊಯ್ದದ್ದು. ಹಸಿರು, ಕೆಂಪು ನಾನೇ ಬಳಿದಿದ್ದೇನೆ. ಬೀಜ ಬಳಿದಿಲ್ಲ. ನಡುವೆ ಮೂವತ್ತೊಂದು ಸಣ್ಣ ಗುಳಿ ಕೊರೆದಿದ್ದೇನೆ, ಗುಡ್ಡೆಯಾಗಿ. ಪ್ರತಿಯೊಂದಕ್ಕೂ ನಿನ್ನ ಕೈಯಿಂದ ಕಪ್ಪು ಬಳಿದು ವಾಪಸು ಕಳಿಸು. ಇದು ದಂಡ. ಗುಳಿಯ ಹೊರಗೆ ಬಣ್ಣ ಹೋದರೆ ಇನ್ನೊಂದು ಕಲ್ಲಂಗಡಿ ಬರುತ್ತದೆ.

ಬುಗುರಿ


ಏಪ್ರಿಲ್ 4

ಬುಗುರಿ,

ಮೂವತ್ತೊಂದೂ ಬಳಿದೆ. ಮೂರು ಸಂಜೆ ಹಿಡಿಯಿತು. ಒಂದು ಕಡೆ ಕುಂಚ ಜಾರಿ ಬಣ್ಣ ಆಚೆ ಹೋಗಿದೆ, ಒರೆಸಿಲ್ಲ. ವಾಪಸು ಕಳಿಸಿದ್ದೇನೆ, ನೋಡಿದರೆ ಗೊತ್ತಾಗುತ್ತದೆ.

ಪೆಟ್ಟಿಗೆಯನ್ನು ನಿನ್ನೆ ಶಾಲೆಗೆ ಒಯ್ದಿದ್ದೆ. ಒಂಬತ್ತನೇ ತರಗತಿಯ ಮೇಜಿನ ಮೇಲಿಟ್ಟು, ಇದನ್ನು ಮಾಡಿದ್ದು ನನ್ನ ತಮ್ಮ, ಈ ತಪ್ಪು ಮಾಡಿದ್ದು ನಾನು ಅಂತ ಎಲ್ಲವನ್ನೂ ಹೇಳಿದೆ. ಬೀಜ ಅನ್ನುವ ಪದವನ್ನು ಬಾಯಿ ತುಂಬ ಹೇಳಿದೆ. ಹಿಂದಿನ ಬೆಂಚಿನ ಒಬ್ಬಳು ಎದ್ದು, "ಮಿಸ್, ಹಾಗಾದ್ರೆ ನೀವು ಹೇಳಿದ್ದು ತಪ್ಪು ಅನ್ಸಿದ್ರೆ ನಾವು ಕೇಳ್ಬಹುದಾ?" ಅಂದಳು. ಕೇಳಲೇಬೇಕು ಎಂದೆ. ಪೀರಿಯಡ್ಡು ಮುಗಿಯುವುದರೊಳಗೆ ಆರು ಜನ ಕೇಳಿದರು. ನಾಲ್ಕು ಸರಿಯಾಗಿಯೇ ಇತ್ತು. ಬಹಳ ತೊಂದರೆಯ ಕೆಲಸ ಮಾಡಿಟ್ಟಿದ್ದೀ.

ಮರುಪರೀಕ್ಷೆಯ ಉತ್ತರ ಕೆಳಗಿದೆ:

ಕಲ್ಲಂಗಡಿಯಲ್ಲಿ ಬೀಜ ಎಲ್ಲ ಕಡೆ ಇರುತ್ತದೆ. ನೀನು ಹೇಳಿದ್ದೇ ಸರಿ.

ಅಕ್ಕ


ಜೂನ್ 11

ಅಕ್ಕ,

ನಿನ್ನ ಉತ್ತರಕ್ಕೆ ಪೂರ್ತಿ ಅಂಕ.

ನನಗೆ ಐವತ್ತೆಂಟು. ಅಂಕಪಟ್ಟಿಯನ್ನು ನಿನ್ನ ನಾದಿನಿ ಅಡುಗೆಮನೆಯಲ್ಲಿ ಚೀಟಿಯ ಪಕ್ಕಕ್ಕೆ ಅಂಟಿಸಿದ್ದಾಳೆ. ಪ್ರಾಂಶುಪಾಲರು ಅದರ ನಕಲನ್ನು ಎರಡೂ ಕೈಯಲ್ಲಿ ಹಿಡಿದು ಓದಿ, ಎದ್ದು ನಿಂತು ಕೈ ಕುಲುಕಿದರು. ಕಳೆದ ಸೋಮವಾರದಿಂದ ನಾನು ಬೋಧಕ. ಹಾಜರಿ ಕರೆದು ಕುರ್ಚಿಯ ಮೇಲೆ ಕೂತು ನೋಡಿದೆ. ಎರಡು ನಿಮಿಷಕ್ಕೇ ಬೇಜಾರು ಬಂತು, ಎದ್ದು ಲೇತಿನ ಹತ್ತಿರ ಹೋದೆ. ನನ್ನ ಜಾಗಕ್ಕೆ ಬರಬೇಕಿದ್ದ ಆ ಒಳ್ಳೆಯ ಹುಡುಗ ಈಗ ನನಗೆ ಸಹಾಯಕ. ಅವನನ್ನು ಈಗಲೂ ಬೈಯಲು ಆಗುತ್ತಿಲ್ಲ.

ನನ್ನ ಮೇಜಿನ ಮೇಲೆ ಮಾದರಿಗಳನ್ನು ಸಾಲಾಗಿ ಇಟ್ಟಿದ್ದೇನೆ. ಗುಂಡನ್ನು ಕಾಲುಚೀಲದಿಂದ ಬಿಡಿಸಿ ತರಲು ಇನ್ನೊಂದು ಗುಂಡು ಮಾಡಿಕೊಡಬೇಕಾಯಿತು. ಗುಂಡು, ಕಲ್ಲಂಗಡಿ, ನಿನ್ನ ಕಲ್ಲಂಗಡಿ, ಸಾಸಿವೆ, ಮೆಟ್ಟಿಲು, ಮಣಿಕಡ್ಡಿ. ಪುಸ್ತಕದಲ್ಲಿ ಐದು, ನನ್ನ ಮೇಜಿನ ಮೇಲೆ ಆರು.

ಮೊದಲ ದಿನವೇ ಹೊಸ ಹುಡುಗಿಯೊಬ್ಬಳು ನಿನ್ನದನ್ನು ಎತ್ತಿ ನೋಡಿ ಕೇಳಿದಳು: "ಸಾರ್, ಇದು ಯಾವ ವಿಜ್ಞಾನೀದು? ಬೀಜ ಎಲ್ಲಾ ಒಂದೇ ಕಡೆ ಇದೆಯಲ್ಲಾ?"

"ನಮ್ಮಕ್ಕಂದು" ಅಂದೆ. "ಆ ದೊಡ್ಡ ಪ್ರೊಫೆಸರ್ ಮಾದರಿ ಏಳೇ ವರ್ಷಕ್ಕೆ ಬಿದ್ದೋಯ್ತಮ್ಮ. ಇದು ಮೂವತ್ತೊಂದು ವರ್ಷ ನಿಂತಿತ್ತು."

ನಿನ್ನ,
ಬುಗುರಿ
(ಬೋಧಕ)